ಲೆಕ್ಕ ಕೇಳಿದರೆ ಅವಮಾನವೇ?

ಮೈಸೂರಿನ ನಿವೃತ್ತ ಮನಶ್ಶಾಸ್ತ್ರ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ಸಂಶೋಧಕರು ಡೇಟಾವನ್ನೆಲ್ಲ ಊರಿಗೇ ತೆರೆದಿಡಬೇಕು ಎನ್ನುವುದು ಅವರನ್ನು ಕಳ್ಳರಂತೆ ಕಂಡ ಹಾಗೆ. ನನ್ನ ಪಿಎಚ್‌.ಡಿ. ಪ್ರಶ್ನಾವಳಿಗಳು ಅಟ್ಟದ ಮೇಲಿವೆ. ಇವತ್ತಿನವರೆಗೆ ಯಾರೂ ಕೇಳಿಲ್ಲ.’

ಮೇಷ್ಟ್ರೇ, ನಿಮ್ಮ ಕೈಬರಹ ನೋಡಿ ಹೊಟ್ಟೆಕಿಚ್ಚಾಯಿತು. ಮನಸ್ಸಿನ ಕಷ್ಟ ಹೇಳಿಕೊಂಡವರ ಗುಟ್ಟು ರಟ್ಟಾಗಬಾರದು ಎಂದಿದ್ದೀರಿ, ಒಪ್ಪಿದೆ. ಹೆಸರು, ಊರು ತೆಗೆದು ಕೊಡಲಿ. ಮಿಕ್ಕಿದ್ದಕ್ಕೆ ನನ್ನ ತಕರಾರಿದೆ.

2012ರಲ್ಲಿ ಅಮೆರಿಕದಲ್ಲಿ ಒಂದು ಪ್ರಬಂಧ ಬಂತು. ವಿಷಯ ಪ್ರಾಮಾಣಿಕತೆ! ಫಾರಂನ ಕೊನೆಯ ಸಹಿಯನ್ನು ಮೇಲೇ ಹಾಕಿಸಿಕೊಂಡರೆ ಜನ ಸುಳ್ಳು ಬರೆಯುವುದು ಕಡಿಮೆ, ಅಂತ. ವಿಮಾ ಕಂಪನಿಯೊಂದರ 13,488 ಪಾಲಿಸಿಗಳಲ್ಲಿ ಗ್ರಾಹಕರೇ ಬರೆದುಕೊಟ್ಟ ಕಾರು ಮೀಟರ್ ಲೆಕ್ಕವೂ ಅದಕ್ಕೆ ಸಾಕ್ಷಿ. 2020ರಲ್ಲಿ ಅದೇ ಲೇಖಕರು, ಮತ್ತೆ ಮಾಡಿ ನೋಡಿದರೆ ಫಲಿಸಲಿಲ್ಲ ಎಂದು ಬರೆದು, ಹಳೆಯ ಎಕ್ಸೆಲ್ ಹಾಳೆಯನ್ನೂ ಜೊತೆಗಿಟ್ಟರು. ಮರುವರ್ಷ, ಸಂಶೋಧನೆಗಳ ಅಂಕಿಗಳನ್ನು ಜಾಲಾಡುವ ಡೇಟಾ ಕೊಲಾಡಾ ಎಂಬ ಬ್ಲಾಗಿನ ತಂಡ ಅದನ್ನು ಬಿಡಿಸಿ ಕೂತಿತು. ಮೊದಲ ಸಲದ ಮೀಟರ್ ಅಂಕಿಗಳಲ್ಲಿ ಅರ್ಧ ಕ್ಯಾಲಿಬ್ರಿ ಫಾಂಟಿನಲ್ಲಿ, ಅರ್ಧ ಕೇಂಬ್ರಿಯಾದಲ್ಲಿ. ಕೈಯಲ್ಲಿ ಬರೆಯುವವರು ಮೀಟರನ್ನು ಸಾವಿರದ ಲೆಕ್ಕಕ್ಕೆ ತಂದು ಸೊನ್ನೆ ಸುತ್ತುತ್ತಾರೆ, ಅಲ್ವಾ? ಕ್ಯಾಲಿಬ್ರಿ ಸಾಲುಗಳಲ್ಲಿ ಆ ಸೊನ್ನೆಗಳಿದ್ದವು, ಕೇಂಬ್ರಿಯಾದಲ್ಲಿ ಮಾಯ. ಮೊದಲ ಸಲಕ್ಕೂ ಎರಡನೇ ಸಲಕ್ಕೂ ನಡುವೆ ಅಷ್ಟು ಕಾರುಗಳಲ್ಲಿ ಒಂದೂ 50,000 ಮೈಲಿಗಿಂತ ಜಾಸ್ತಿ ಓಡಿರಲಿಲ್ಲ. ಅಂಕಿಗಳು ಯಾರೋ ಕೂತು ಹುಟ್ಟಿಸಿದವು ಎಂದಿತು ತಂಡ. ಪ್ರಾಮಾಣಿಕತೆಯ ಪ್ರಬಂಧವನ್ನು ಪ್ರಕಟಿಸಿದ ಪತ್ರಿಕೆಯೇ ಹಿಂತೆಗೆದುಕೊಂಡಿತು. ಆ ಹಾಳೆ ಯಾರದೋ ಅಟ್ಟದ ಮೇಲೇ ಇದ್ದಿದ್ದರೆ?

ಸಂಶೋಧಕರನ್ನು ನಂಬಬೇಕು ಎಂದಿರಿ. 2006ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು 141 ಮನಶ್ಶಾಸ್ತ್ರ ಪ್ರಬಂಧಗಳ ಡೇಟಾ ಕೇಳಿದ ಕಥೆ ಬರೆದರು. ಆರು ತಿಂಗಳು ಬೆನ್ನುಬಿದ್ದರೂ ನೂರಕ್ಕೆ 73 ಜನ ಕೊಡಲಿಲ್ಲ. ಕೇಳಿದರೆ ಕೊಡುತ್ತೇವೆ ಎಂದು ಮೊದಲೇ ಸಹಿ ಹಾಕಿದ್ದವರು ಇವರು! ಸಹಿ ಮೇಲಿದ್ದರೇನು, ಕೆಳಗಿದ್ದರೇನು. 2015ರಲ್ಲಿ ನೂರು ಮನಶ್ಶಾಸ್ತ್ರ ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದಾಗ ನೂರಕ್ಕೆ 36ರಷ್ಟೇ ಫಲಿಸಿದ್ದು ನಿಮಗೆ ಗೊತ್ತೇ ಇದೆ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ನೀರಿನ ಟ್ಯಾಂಕರ್ ಲೆಕ್ಕ ಕೇಳಿದೆ. ‘ನಮ್ಮ ಮೇಲೆ ಡೌಟಾ ಸಾರ್?’ ಎಂದರು ಖಜಾಂಚಿ. ಎರಡು ವರ್ಷವಾಯಿತು, ವೋಚರ್ ಫೈಲು ಬೀರುವಿನಿಂದ ಇಳಿದಿಲ್ಲ. ಲಿಫ್ಟಿನಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾರೆ. ಚೀಟಿ ನಡೆಸುವವರು, ಉತ್ಸವ ಸಮಿತಿಯವರು, ಎಲ್ಲರದೂ ಇದೇ ರಾಗ. ನಮ್ಮೂರ ಹಾಲಿನ ಡೇರಿಗೆ ಹೋಗಿ ನೋಡಿ: ಎಷ್ಟು ಲೀಟರ್, ಎಷ್ಟು ಫ್ಯಾಟ್ ಅಂತ ದಿನಾ ಚೀಟಿ ಕೈಗೆ ಬರುತ್ತದೆ. ಕೊಡುವವರ ಮಾನವೇನೂ ಹೋಗಿಲ್ಲ.

ಅಂದಹಾಗೆ, ಯಾರೂ ಕೇಳಿಲ್ಲ ಎಂದಿರಲ್ಲ, ನಾನು ಕೇಳುತ್ತಿದ್ದೇನೆ. ಗೆದ್ದಲು ಹಿಡಿಯುವ ಮುಂಚೆ ಆ ಕಟ್ಟು ಕೆಳಗಿಳಿಸಿ.

— ಸಂ.