ತಿಗಣೆಯ ಚಿತ್ರ ಹಾಕಿದ ಗಾಡಿ ಬೇಡ
ತಿಗಣೆಗೆ ಔಷಧಿ ಹೊಡೆಯುವ ಕೆಲಸ ಶುರು ಮಾಡಿದ್ದೀರಿ, ಜನ ಫೋನ್ ಮಾಡಿ ರೇಟ್ ಕೇಳಿ ಸುಮ್ಮನಾಗುತ್ತಾರೆ ಅಂದಿದ್ದೀರಲ್ಲ, ಅದು ರೇಟಿಗಿಂತ ಜಾಸ್ತಿ ನಾಚಿಕೆ. ನಮ್ಮ ಮನೆಗೆ ಬಂದವರ ಸ್ಕೂಟರಿನ ಮೇಲೆ ಅಂಗೈ ಅಗಲದ ಕೆಂಪು ತಿಗಣೆಯ ಚಿತ್ರ ಇತ್ತು. ಎದುರು ಮನೆ ಅಜ್ಜಿ ಗೇಟಿನವರೆಗೂ ಬಂದು ನೋಡಿದರು! ಗಾಡಿಗೆ, ಅಂಗಿಗೆ ಬರೀ ಹೆಸರು ಸಾಕು. ಪಾಂಪ್ಲೆಟಿನ ಮೊದಲ ಸಾಲಿನಲ್ಲೇ ಬರೆಯಿರಿ: ತಿಗಣೆ ಕೊಳಕಿನಿಂದ ಹುಟ್ಟುವುದಲ್ಲ, ಊರಿಗೆ ಹೋಗಿ ಬಂದ ಬ್ಯಾಗಿನಲ್ಲಿ, ಹಳೇ ಮಂಚದಲ್ಲಿ ಬರುತ್ತದೆ. ಉಳಿದ ಮೊಟ್ಟೆ ಒಡೆದು ಮರಿ ಬರುವುದರಿಂದ ಸುಮಾರು 2 ವಾರ ಬಿಟ್ಟು ಇನ್ನೊಮ್ಮೆ ಹೊಡೆಯಬೇಕು, ಅಲ್ವಾ? ಎರಡಕ್ಕೂ ಸೇರಿಸಿ ಮೊದಲೇ ಒಂದೇ ರೇಟ್ ಹೇಳಿ. ಆಮೇಲೆ ಹೇಳಿದರೆ ದುಡ್ಡು ಕೀಳುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಮಕ್ಕಳು ಎಷ್ಟು ಹೊತ್ತು ಹೊರಗಿರಬೇಕು ಅನ್ನುವುದನ್ನೂ ಅವರು ಕೇಳುವ ಮುಂಚೆ ನೀವೇ ಹೇಳಿಬಿಡಿ.