ಬಿಳಿಯ ಹಾಳೆಯೂ ನೈಸರ್ಗಿಕ ಕಾನೂನೂ

ಪ್ರಶ್ನೆ: ಹುಟ್ಟುವಾಗ ಮನಸ್ಸು ಏನೂ ಬರೆಯದ ಬಿಳಿಯ ಹಾಳೆ ಎಂದ ಹದಿನೇಳನೆಯ ಶತಮಾನದ ಇಂಗ್ಲಿಷ್ ದಾರ್ಶನಿಕ ಜಾನ್ ಲಾಕ್, ರಾಜಕೀಯ ಗ್ರಂಥದಲ್ಲಿ ಮಾತ್ರ ಎಲ್ಲ ಮನುಷ್ಯರನ್ನೂ ಬಂಧಿಸುವ ನೈಸರ್ಗಿಕ ಕಾನೂನೊಂದಿದೆ ಎನ್ನುತ್ತಾನೆ. ಜನ್ಮಜಾತ ನೀತಿತತ್ತ್ವಗಳೇ ಇಲ್ಲವೆಂದ ಮೇಲೆ ಆ ಕಾನೂನು ನಮಗೆ ತಿಳಿಯುವುದಾದರೂ ಹೇಗೆ? ಇದು ಸ್ವವಿರೋಧವಲ್ಲವೇ?
– ತತ್ತ್ವಶಾಸ್ತ್ರದ ವಿದ್ಯಾರ್ಥಿನಿ, ಧಾರವಾಡ

ಉತ್ತರ: ತೊಡಕು ಇರುವುದು ನಿಜ, ಆದರೆ ಅದು ನೀವು ಬೆರಳಿಟ್ಟ ಜಾಗದಲ್ಲಿಲ್ಲ. ಮಾನವನ ತಿಳಿವಳಿಕೆಯನ್ನು ಕುರಿತ ತನ್ನ ಪ್ರಬಂಧದ ಮೊದಲ ಭಾಗದಲ್ಲಿಯೇ ಲಾಕ್ ಈ ಆಕ್ಷೇಪಕ್ಕೆ ಉತ್ತರ ಕೊಟ್ಟಿದ್ದಾನೆ. ಮನಸ್ಸಿನ ಮೇಲೆ ಮೊದಲೇ ಅಚ್ಚೊತ್ತಿರುವ ಕಾನೂನು ಬೇರೆ, ಈಗ ತಿಳಿಯದಿದ್ದರೂ ನಮ್ಮ ಸಹಜ ಶಕ್ತಿಗಳನ್ನು ಸರಿಯಾಗಿ ಬಳಸಿದರೆ ತಿಳಿಯಬಹುದಾದ ಕಾನೂನು ಬೇರೆ ಎಂಬುದು ಅವನ ವಾದ. 1660ರ ದಶಕದ ಆರಂಭದಲ್ಲಿ, ಆಕ್ಸ್‌ಫರ್ಡಿನಲ್ಲಿದ್ದಾಗ ಲ್ಯಾಟಿನ್ನಿನಲ್ಲಿ ಬರೆದು ಪ್ರಕಟಿಸದೆ ಬಿಟ್ಟ ಪ್ರಬಂಧಗಳಲ್ಲಿ (ಅವು ಅಚ್ಚಾದದ್ದು 1954ರಲ್ಲಿ) ಇದನ್ನೇ ಅವನು ಚೆನ್ನಾಗಿ ವಿವರಿಸುತ್ತಾನೆ: ನೆಲದಡಿಯಲ್ಲಿ ಚಿನ್ನ ಬೆಳ್ಳಿಯ ಅದಿರಿದೆ, ಅಗೆಯಲು ಕೈಗಳಿವೆ, ಸಲಕರಣೆ ಹೂಡಲು ಬುದ್ಧಿಯಿದೆ, ಹಾಗೆಂದು ಎಲ್ಲರೂ ಸಿರಿವಂತರಾಗಿಲ್ಲ. ಇಂದ್ರಿಯಗಳು ವ್ಯವಸ್ಥಿತವಾದ ಜಗತ್ತನ್ನು ತೋರಿಸುತ್ತವೆ, ಬುದ್ಧಿ ಅದರಿಂದ ಒಬ್ಬ ಸೃಷ್ಟಿಕರ್ತನನ್ನೂ ಅವನಿಗೊಂದು ಇಚ್ಛೆಯಿರುವುದನ್ನೂ ಊಹಿಸುತ್ತದೆ, ಆ ಇಚ್ಛೆಗೆ ನಾವು ಬದ್ಧರು ಎಂಬ ತೀರ್ಮಾನಕ್ಕೆ ಬರುತ್ತದೆ. ಇಡೀ ಸರಪಳಿಯಲ್ಲಿ ಜನ್ಮಜಾತವಾದದ್ದೊಂದೂ ಬೇಕಾಗಿಲ್ಲ.

ಜನ್ಮಜಾತ ತತ್ತ್ವಗಳ ವಿರುದ್ಧ ಅವನು ಹೂಡುವ ವಾದವನ್ನು ಹತ್ತಿರದಿಂದ ನೋಡಿದರೆ ನಿಜವಾದ ಸಮಸ್ಯೆಯ ಸುಳಿವೂ ಸಿಗುತ್ತದೆ. ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕು ಎಂಬ ನಿಯಮವನ್ನೇ ತೆಗೆದುಕೊಳ್ಳಿ. ಏಕೆ ಎಂದು ಕ್ರೈಸ್ತನನ್ನು ಕೇಳಿದರೆ, ಸ್ವರ್ಗ ನರಕಗಳ ಒಡೆಯನಾದ ದೇವರು ವಿಧಿಸಿದ್ದಾನೆ ಎನ್ನುತ್ತಾನೆ. ಬಲಿಷ್ಠ ಪ್ರಭುತ್ವವನ್ನು ಎತ್ತಿಹಿಡಿದ ದಾರ್ಶನಿಕ ಹಾಬ್ಸ್‌ನ ಅನುಯಾಯಿ, ಸಮಾಜ ಅದನ್ನು ಬಯಸುತ್ತದೆ, ತಪ್ಪಿದರೆ ಪ್ರಭುತ್ವ ದಂಡಿಸುತ್ತದೆ ಎನ್ನುತ್ತಾನೆ. ಪ್ರಾಚೀನ ಕಾಲದ ದಾರ್ಶನಿಕನೋ, ಮಾತು ತಪ್ಪುವುದು ಮನುಷ್ಯನ ಘನತೆಗೆ ತಕ್ಕುದಲ್ಲ ಎನ್ನುತ್ತಾನೆ. ‘ಏಕೆ’ ಎಂದು ಕೇಳುವುದು ಸಾಧ್ಯವಾಗಿ, ಅದಕ್ಕೆ ಮೂರು ಬಗೆಯ ಉತ್ತರಗಳೂ ಹೊರಡುವುದಾದರೆ ಆ ನಿಯಮ ಸ್ವಯಂಸಿದ್ಧವಲ್ಲ, ಕಾರಣದ ಮೇಲೆ ನಿಂತದ್ದು ಎಂದು ಲಾಕ್ ತೋರಿಸುತ್ತಾನೆ. ಒಪ್ಪತಕ್ಕ ಮಾತೇ. ಆದರೆ ಹಾಗಿದ್ದಲ್ಲಿ, ಮೂರರಲ್ಲಿ ಸರಿಯಾದ ಕಾರಣ ಯಾವುದು ಎಂದು ಸಿದ್ಧಮಾಡುವ ಹೊಣೆ ಅವನ ಮೇಲೆಯೇ ಬೀಳುತ್ತದೆ.

ಆ ಹೊಣೆಯನ್ನು ಅವನು ತೀರಿಸಲಿಲ್ಲ ಎಂಬುದೇ ನನ್ನ ದೃಷ್ಟಿಯಲ್ಲಿ ಮುಖ್ಯ ಕೊರತೆ. ನೀತಿಯನ್ನು ಗಣಿತದಂತೆಯೇ ಸಾಧಿಸಿ ತೋರಿಸಬಹುದು ಎಂದು ಪ್ರಬಂಧದ ನಾಲ್ಕನೆಯ ಭಾಗದಲ್ಲಿ ಹೇಳಿ, ಆಸ್ತಿಯೇ ಇಲ್ಲದ ಕಡೆ ಅನ್ಯಾಯವೂ ಇಲ್ಲ ಎಂಬ ವಾಕ್ಯ ಯೂಕ್ಲಿಡನ ಪ್ರಮೇಯದಷ್ಟೇ ಖಚಿತವೆಂದು ಉದಾಹರಿಸುತ್ತಾನೆ. ಆದರೆ ಅದು ಪದಗಳ ಅರ್ಥದಿಂದ ಬರುವ ಖಚಿತತೆಯೇ ಹೊರತು, ಇನ್ನೊಬ್ಬನ ಆಸ್ತಿಗೆ ಕೈಹಾಕದಿರಲು ನಾನೇಕೆ ಬದ್ಧ ಎಂಬುದಕ್ಕೆ ಉತ್ತರವಲ್ಲ. ಪ್ರಭುತ್ವವನ್ನು ಕುರಿತ ಎರಡನೆಯ ಗ್ರಂಥದಲ್ಲಿ, ಯಾರೂ ಇನ್ನೊಬ್ಬರ ಜೀವ, ಆರೋಗ್ಯ, ಸ್ವಾತಂತ್ರ್ಯ, ಸ್ವತ್ತುಗಳಿಗೆ ಹಾನಿ ಮಾಡಬಾರದೆಂದು ವಿವೇಕವೇ ಕಲಿಸುತ್ತದೆ ಎಂದವನು, ಆ ಕಾನೂನಿನ ವಿವರಗಳಿಗೆ ಇಳಿಯುವುದು ಸದ್ಯದ ಉದ್ದೇಶವಲ್ಲವೆಂದು ಜಾರಿಕೊಳ್ಳುತ್ತಾನೆ. ಅಲ್ಲಿಯೇ, ಬೈಬಲಿನಲ್ಲಿ ತಮ್ಮನನ್ನು ಕೊಂದ ಕೇಯಿನನ ಪ್ರಸಂಗದಲ್ಲಿ, ಕೊಲೆಗಾರನನ್ನು ಯಾರಾದರೂ ಕೊಲ್ಲಬಹುದೆಂಬುದು ಎಲ್ಲರ ಹೃದಯದಲ್ಲಿ ಅಷ್ಟು ಸ್ಪಷ್ಟವಾಗಿ ಬರೆದಿತ್ತು ಎಂದೂ ಬರೆದುಬಿಟ್ಟಿದ್ದಾನೆ! ನಿಮ್ಮ ಅನುಮಾನಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಎರಡೂ ಕೃತಿಗಳು 1689ರ ಕೊನೆಯಲ್ಲಿಯೇ ಹೊರಬಂದರೂ ರಾಜಕೀಯ ಗ್ರಂಥದ ಮೇಲೆ ಲೇಖಕನ ಹೆಸರಿರಲಿಲ್ಲವಾದ್ದರಿಂದ, ಅವನ್ನು ಪಕ್ಕಪಕ್ಕದಲ್ಲಿಟ್ಟು ಪ್ರಶ್ನಿಸುವ ಅವಕಾಶ ಅಂದಿನ ಹೆಚ್ಚಿನ ಓದುಗರಿಗೆ ಸಿಗಲಿಲ್ಲ.

ನೀತಿಶಾಸ್ತ್ರವನ್ನು ಬರೆದು ಮುಗಿಸೆಂದು ಡಬ್ಲಿನ್ನಿನ ಗೆಳೆಯ ವಿಲಿಯಂ ಮಾಲಿನೋ ಒತ್ತಾಯಿಸುತ್ತಲೇ ಇದ್ದ. 1696ರಲ್ಲಿ ಲಾಕ್ ಕೊಟ್ಟ ಉತ್ತರ, ಸುವಾರ್ತೆಯಲ್ಲಿ ಪರಿಪೂರ್ಣವಾದ ನೀತಿಯಿರುವಾಗ ಬುದ್ಧಿಯನ್ನು ಆ ಕೆಲಸದಿಂದ ಬಿಡುಗಡೆ ಮಾಡಬಹುದು ಎಂಬುದು.

ಪ್ರಶ್ನೆ: ಹದಿನೆಂಟನೆಯ ಶತಮಾನದ ದಾರ್ಶನಿಕ ಡೇವಿಡ್ ಹ್ಯೂಮನೂ ಲಾಕ್‌ನಂತೆ ಜ್ಞಾನಕ್ಕೆ ಅನುಭವವೇ ಮೂಲವೆನ್ನುವ ಅನುಭವವಾದಿಯೇ ಅಲ್ಲವೇ? ಅವನು ನೈಸರ್ಗಿಕ ಕಾನೂನನ್ನು ಪೂರ್ತಿ ಕೈಬಿಟ್ಟನೇ?
– ನಿವೃತ್ತ ಉಪನ್ಯಾಸಕರು, ಮೈಸೂರು

ಉತ್ತರ: ಹೆಸರನ್ನು ಬಿಡಲಿಲ್ಲ, ಬುನಾದಿಯನ್ನು ಬದಲಿಸಿದ. 1739–40ರಲ್ಲಿ ಪ್ರಕಟವಾದ ಮಾನವ ಸ್ವಭಾವದ ಗ್ರಂಥದಲ್ಲಿ, ‘ಇದೆ’ ಎಂಬ ವಾಕ್ಯಗಳಿಂದ ‘ಬೇಕು’ ಎಂಬ ವಾಕ್ಯಗಳಿಗೆ ಲೇಖಕರು ಕಾರಣ ಕೊಡದೆ ಹಾರುತ್ತಾರೆ ಎಂದು ಆಕ್ಷೇಪಿಸಿ, ಒಳಿತು ಕೆಡುಕುಗಳ ಭೇದವನ್ನು ಬುದ್ಧಿಯಿಂದ ಭಾವನೆಗೆ ವರ್ಗಾಯಿಸಿದ. ನ್ಯಾಯವು ದೇವರ ಆಜ್ಞೆಯಲ್ಲ. ಒಂದೇ ದೋಣಿಯಲ್ಲಿ ಕುಳಿತ ಇಬ್ಬರು ಪರಸ್ಪರ ಭಾಷೆ ಕೊಡದೆಯೇ ಹೊಂದಿಕೊಂಡು ಹುಟ್ಟು ಹಾಕುವಂತೆ, ಎಲ್ಲರ ಹಿತಕ್ಕಾಗಿ ಬೆಳೆದುಬಂದ ಏರ್ಪಾಡು. ಆದರೂ ಸ್ವತ್ತಿನ ಸ್ಥಿರತೆ, ಒಪ್ಪಿಗೆಯಿಂದ ಅದರ ಹಸ್ತಾಂತರ, ಕೊಟ್ಟ ಮಾತಿನ ಪಾಲನೆ ಎಂಬ ಮೂರನ್ನು, ಅವಿಲ್ಲದೆ ಸಮಾಜ ನಿಲ್ಲದೆಂಬ ಕಾರಣಕ್ಕೆ, ಅವನೂ ನೈಸರ್ಗಿಕ ಕಾನೂನುಗಳೆಂದೇ ಕರೆಯುತ್ತಾನೆ.