ಬಾಲಣ್ಣ ಮಾತಾಡುವಾಗಲ್ಲ, ಕೇಳುವಾಗ ನೋಡಿ

ಅರಸೀಕೆರೆಯ ನಿವೃತ್ತ ಮೇಷ್ಟ್ರೊಬ್ಬರ ಪತ್ರ: "ಹಳೆಯ ಹಾಸ್ಯನಟರ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ಅದರಲ್ಲಿ ನಮ್ಮೂರಿನ ಟಿ.ಎನ್. ಬಾಲಕೃಷ್ಣ ಅವರಿಗೆ ನಾಲ್ಕೇ ಸಾಲು. ಅದನ್ನು ಓದಿದ ನನ್ನ ಮೊಮ್ಮಗ, 'ಕಿವಿ ಕೇಳದವರು ಅಷ್ಟೊಂದು ಸಿನಿಮಾ ಮಾಡೋಕಾಗುತ್ತಾ ತಾತ, ಇದೆಲ್ಲ ಕಟ್ಟುಕಥೆ' ಅಂದ. ನನಗೆ ಉತ್ತರ ಹೊಳೆಯಲಿಲ್ಲ. ನೀವೇ ಹೇಳಿ."

ಮೇಷ್ಟ್ರೇ, ನಮಸ್ಕಾರ.

ನಾಲ್ಕು ಸಾಲು ಕಮ್ಮಿಯಾಯಿತು, ಒಪ್ಪಿದೆ. ಹಾಸನದಲ್ಲಿ ಕೂತು ಪತ್ರಿಕೆ ಮಾಡುವ ನಾವೇ ಬಾಲಣ್ಣನಿಗೆ ಜಾಗ ಕೊಡದಿದ್ದರೆ ಇನ್ಯಾರು ಕೊಡುತ್ತಾರೆ. ಅದಕ್ಕೇ ಈ ಸಲ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಕಟ್ಟುಕಥೆಯಲ್ಲ. ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿಗಿದ್ದವರ ತುಟಿ ನೋಡಿಕೊಂಡು ಮಾತು ಹಿಡಿಯುತ್ತಿದ್ದರು. ಹಾಗೆ ಹಿಡಿದೇ ಸುಮಾರು 560 ಸಿನಿಮಾ ಮಾಡಿದರು. ಆದರೆ ನಿಮ್ಮ ಮೊಮ್ಮಗನ ಪ್ರಶ್ನೆ ದಡ್ಡ ಪ್ರಶ್ನೆ ಏನಲ್ಲ. ಹೇಗೆ ಸಾಧ್ಯವಾಯಿತು ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಪವಾಡ ಅಂದುಬಿಟ್ಟು ಸುಮ್ನಾಗುತ್ತೇವೆ.

ನನಗೆ ಅನ್ನಿಸುವುದು, ಅದಕ್ಕೆ ಉತ್ತರ ಕಂಪನಿ ನಾಟಕದಲ್ಲಿದೆ. ತೀರಾ ಬಡತನದ ಮನೆ ಅವರದು. ಅಪ್ಪನ ಔಷಧಿಗೆ ದುಡ್ಡಿಲ್ಲದೆ ತಾಯಿ ಮಗುವನ್ನು 8 ರೂಪಾಯಿಗೆ ಬೇರೆಯವರಿಗೆ ಕೊಟ್ಟರು ಅಂತ ಅವರ ಬದುಕಿನ ಬಗ್ಗೆ ಹೇಳುವವರೆಲ್ಲ ಹೇಳುತ್ತಾರೆ. ಅಂಥ ಹುಡುಗ ನಾಟಕದ ಕಂಪನಿ ಸೇರಿ, ರಂಗದ ಕೆಲಸ ಕಲಿತು, ಬಣ್ಣ ಹಚ್ಚಿದ. ಆಗಿನ ಕಂಪನಿ ಹೇಗಿತ್ತು ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಮೈಕು ಇಲ್ಲದ ಕಾಲ, ಹಿಂದಿನ ಚಾಪೆಯಲ್ಲಿ ಕೂತವನಿಗೂ ಕೇಳಬೇಕು, ಹಾಗಾಗಿ ನಟರೆಲ್ಲ ಬಾಯಿ ತುಂಬಾ ತೆರೆದು, ಒಂದೊಂದು ಅಕ್ಷರವನ್ನೂ ಬಿಡಿಸಿ ಮಾತಾಡುತ್ತಿದ್ದರು. ತುಟಿ ಓದುವವನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಎಲ್ಲಿ ಸಿಗಬೇಕು? ಇನ್ನು ಮಾತು ಮರೆತರೆ ಸೈಡ್ ವಿಂಗಿನಿಂದ ಪಿಸುಗುಟ್ಟಿ ನೆನಪಿಸುವವರು ಇರುತ್ತಾರಲ್ಲ, ಕಿವಿ ಕೇಳದವನಿಗೆ ಅದರಿಂದ ಏನು ಉಪಯೋಗ? ತನ್ನ ಮಾತಿನ ಜೊತೆಗೆ ಎದುರಿನವರ ಮಾತೂ ಬಾಯಿಪಾಠ ಆಗಿರಲೇಬೇಕು. ಒಂದೇ ನಾಟಕ ಊರೂರಿನಲ್ಲಿ ಆಡುವಾಗ ಅದು ತಾನಾಗೇ ಮೈಗೆ ಹತ್ತುತ್ತದೆ. 1943ರಲ್ಲಿ 'ರಾಧಾರಮಣ' ಚಿತ್ರದಿಂದ ಸಿನಿಮಾಕ್ಕೆ ಬರುವ ಹೊತ್ತಿಗೆ ಅವರ ಕಣ್ಣು ಕಿವಿಯ ಕೆಲಸವನ್ನೂ ಕಲಿತಾಗಿತ್ತು.

ಇದು ನನಗೆ ಹೊಳೆದದ್ದು ನಮ್ಮ ತಂದೆಯಿಂದ. ಕೊನೆಕೊನೆಗೆ ಅವರಿಗೆ ಕಿವಿ ಪೂರ್ತಿ ಹೋಗಿತ್ತು. ಒಂದು ಭಾನುವಾರ ಟಿವಿಯಲ್ಲಿ 'ಬಂಗಾರದ ಮನುಷ್ಯ' ಬರುತ್ತಿತ್ತು. ತಂದೆ ಎಂದಿನಂತೆ ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೂತಿದ್ದರು. ರಾಚೂಟಪ್ಪನಾಗಿ ಬಾಲಣ್ಣ ಬಂದ ಕೂಡಲೇ ನನ್ನ ಮೊಣಕೈ ತಟ್ಟಿ, "ನೋಡು, ಇವನೂ ನನ್ನ ಹಾಗೇ ಬಾಯಿ ನೋಡ್ತಾನೆ" ಅಂದರು. ನಾನು ರಿಮೋಟ್ ತೆಗೆದುಕೊಂಡು ಸೌಂಡ್ ಪೂರ್ತಿ ಬಂದ್ ಮಾಡಿದೆ. ಆಮೇಲೆ ಇಬ್ಬರೂ ಮಾತೇ ಇಲ್ಲದೆ ನೋಡಿದೆವು. ಬೇರೆ ನಟರು ತಮ್ಮ ಸರದಿ ಬರುವವರೆಗೆ ಸುಮ್ನೆ ಎಲ್ಲೋ ನೋಡುತ್ತಾ ನಿಂತಿರುತ್ತಾರೆ. ಬಾಲಣ್ಣ ಹಾಗಲ್ಲ. ಎದುರಿನವರ ಮುಖದಿಂದ ಕಣ್ಣು ಕೀಳುವುದೇ ಇಲ್ಲ. ಮಾತು ಇನ್ನೂ ಮುಗಿದಿರುವುದಿಲ್ಲ, ಅಷ್ಟರಲ್ಲಿ ಹುಬ್ಬು ಏರಿರುತ್ತದೆ, ಗದ್ದ ಅಲ್ಲಾಡಿರುತ್ತದೆ. ನಲವತ್ತು ವರ್ಷದಿಂದ ಆ ಸಿನಿಮಾ ನೋಡುತ್ತಿದ್ದರೂ ನಾನು ಅದನ್ನು ಗಮನಿಸಿರಲಿಲ್ಲ. ಇಷ್ಟು ಗಮನ ಕೊಟ್ಟು ಕೇಳುವ ನಟ ನಮ್ಮಲ್ಲಿ ಇನ್ನೊಬ್ಬರಿಲ್ಲ ಅಂತ ಅವತ್ತಿನಿಂದ ನಂಬಿದ್ದೇನೆ.

ನಿಮ್ಮೂರಿನವರಾದ್ದರಿಂದ ಇನ್ನೊಂದು ಮಾತು ಹೇಳಲೇಬೇಕು. ಬಾಲಣ್ಣನ ಜೋಡಿ ನರಸಿಂಹರಾಜು ಎಲ್ಲಿಯವರು? ತಿಪಟೂರಿನವರು. ಅರಸೀಕೆರೆಯಲ್ಲಿ ರೈಲು ಹತ್ತಿದರೆ ಒಂದು ನಿದ್ದೆ ತೆಗೆಯುವಷ್ಟರಲ್ಲಿ ತಿಪಟೂರು ಬರುತ್ತದೆ. ಇಡೀ ಕನ್ನಡನಾಡನ್ನು ನಗಿಸಿದ ಇಬ್ಬರು ಅದೇ ತೆಂಗಿನ ಸೀಮೆಯಿಂದ ಬಂದವರು. ಸಿನಿಮಾದಲ್ಲಿ ಕೆಲಸ ಕಮ್ಮಿಯಿದ್ದ ದಿನಗಳಲ್ಲಿ ಈ ಇಬ್ಬರು, ರಾಜ್‌ಕುಮಾರ್ ಮತ್ತು ಜಿ.ವಿ. ಅಯ್ಯರ್ ಸೇರಿ ಕಲಾವಿದರ ಸಂಘ ಕಟ್ಟಿ ಊರೂರು ತಿರುಗಿ ನಾಟಕ ಆಡಿದರು. 1960ರ 'ರಣಧೀರ ಕಂಠೀರವ' ಬಂದದ್ದು ಆ ಸಂಘದಿಂದಲೇ. ನಮ್ಮವರು ಇದನ್ನು ಜಾಸ್ತಿ ನೆನೆಯುವುದಿಲ್ಲ.

ಇನ್ನು ಅಭಿಮಾನ್ ಸ್ಟುಡಿಯೋ. ಕನ್ನಡ ಸಿನಿಮಾದವರು ಶೂಟಿಂಗಿಗೆ ಮದ್ರಾಸಿಗೇ ಓಡಬೇಕಿದ್ದ ಕಾಲದಲ್ಲಿ, ನಮ್ಮ ನೆಲದಲ್ಲೇ ಒಂದು ಸ್ಟುಡಿಯೋ ಇರಲಿ ಅಂತ ಕೆಂಗೇರಿ ಹತ್ತಿರ ಸರ್ಕಾರ ಕೊಟ್ಟ 20 ಎಕರೆಯಲ್ಲಿ ಬಾಲಣ್ಣ ಅದನ್ನು ಕಟ್ಟಲು ಹೊರಟರು. ದುಡಿದದ್ದನ್ನೆಲ್ಲ ಅಲ್ಲಿಗೇ ಸುರಿದರು. ಅಂದುಕೊಂಡ ಹಾಗೆ ಅದು ಏಳಲಿಲ್ಲ. 2009ರಲ್ಲಿ ವಿಷ್ಣುವರ್ಧನ್ ಅವರ ಅಂತ್ಯಕ್ರಿಯೆ ನಡೆದದ್ದು ಅಲ್ಲೇ, ಹಾಗಾಗಿ ಇವತ್ತಿನ ಹುಡುಗರಿಗೆ ಆ ಜಾಗದ ಹೆಸರು ಗೊತ್ತು. ಕಟ್ಟಿದವರು ಯಾರು ಅಂತ ಕೇಳಿದರೆ ಗೊತ್ತಿಲ್ಲ. ಬಾಲಣ್ಣ 1995ರಲ್ಲಿ ತೀರಿಕೊಂಡರು. ಹಾಸ್ಯನಟ ಅಂತ ಒಂದೇ ಪದದಲ್ಲಿ ಅವರನ್ನು ಮುಗಿಸುವಾಗ ನನಗೆ ನಿಜವಾಗಿಯೂ ಹೊಟ್ಟೆ ಉರಿಯುತ್ತದೆ. ಕೇಡಿಯಾಗಿ ಬಂದಾಗ ಹೆದರಿಸಿದ್ದಾರೆ, ಮುದುಕನಾಗಿ ಬಂದಾಗ ಅಳಿಸಿದ್ದಾರೆ. ಹೋದ ಸಲ ನಾವೂ ಅದೇ ತಪ್ಪು ಮಾಡಿದೆವು, ಕ್ಷಮಿಸಿ.

ಮೇಷ್ಟ್ರೇ, ನೀವು ಮೊಮ್ಮಗನಿಗೆ ಏನೂ ವಿವರಿಸಲು ಹೋಗಬೇಡಿ. ರಜೆಯಲ್ಲಿ ಮನೆಗೆ ಬಂದಾಗ ಪಕ್ಕದಲ್ಲಿ ಕೂರಿಸಿಕೊಂಡು ರಾಚೂಟಪ್ಪನ ಒಂದು ಸೀನ್ ಹಾಕಿ, ಸೌಂಡ್ ತೆಗೆದುಬಿಡಿ. ನೋಡಿ ಅವನು ಏನು ಹೇಳಿದ ಅಂತ ನನಗೊಂದು ಕಾರ್ಡ್ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.

- ಸಂಪಾದಕ